ಹೆದರಿಕೆ ಕೇಳಿಕೊಂಡು ಮನೆ ಮನೆಗೆ

ಹೋದ ತಿಂಗಳು ಕಣ್ಣಿನ ಪೊರೆ ತೋರಿಸಿಕೊಳ್ಳಲೆಂದು ತುಮಕೂರಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತಿದ್ದಾಗ ನೀಲಿ ಕೋಟು ಹಾಕಿದ್ದ ಹುಡುಗಿಯೊಬ್ಬಳು ಬಂದು ಒಂದು ಹಾಳೆ, ಒಂದು ಪೆನ್ನು ಕೈಗಿಟ್ಟಳು. "ಎಲ್ಲರಿಗೂ ಕೊಡ್ತಿದೀವಿ ಆಂಟಿ. ಸುಮ್ನೆ ಟಿಕ್ ಮಾಡಿ ಸಾಕು" ಅಂದಳು. ಕನ್ನಡಕ ಮೂಗಿನ ತುದಿಗೆ ಎಳೆದುಕೊಂಡು ಓದಿದೆ. ನಿಮಗೆ ಗಂಭೀರವಾದ ಕಾಯಿಲೆ ಇರಬಹುದೆಂಬ ಚಿಂತೆ ಎಷ್ಟು ಸಲ ಬರುತ್ತದೆ, ಮೈಯನ್ನು ಪದೇ ಪದೇ ಪರೀಕ್ಷಿಸಿಕೊಳ್ಳುತ್ತೀರಾ, ಡಾಕ್ಟರು ಏನೂ ಇಲ್ಲವೆಂದರೂ ನಂಬಿಕೆ ಬರುವುದಿಲ್ಲವೇ. ಹೀಗೇ ಒಂದರ ಕೆಳಗೊಂದು. ಮೂರನೆಯದನ್ನು ಓದಿ ಪೆನ್ನು ಕೆಳಗಿಟ್ಟೆ. ಹುಡುಗಿ ಹತ್ತು ನಿಮಿಷ ಬಿಟ್ಟು ಬಂದಾಗಲೂ ಹಾಳೆ ಖಾಲಿಯೇ ಇತ್ತು. "ಅರ್ಥ ಆಗ್ಲಿಲ್ವಾ ಆಂಟಿ?" ಎಂದು ಕೇಳಿದಳು. ಅರ್ಥವಾಗಿತ್ತು. ನಲವತ್ತು ವರ್ಷಗಳ ಹಿಂದೆ ಇಂಥದೇ ಹಾಳೆಗಳ ಕಟ್ಟನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ಮನೆ ಮನೆ ತಿರುಗಿದವಳು ನಾನು.

ಆಗ ನನಗೆ ಇಪ್ಪತ್ತಮೂರು. ಬೆಂಗಳೂರಿನ ಪೇಟೆಯ ಬೀದಿಯೊಂದರಲ್ಲಿ ಹುಟ್ಟಿ ಬೆಳೆದವಳು. ನರ್ಸ್ ತರಬೇತಿ ಮುಗಿಸಿದ ಮೇಲೆ ನನಗೆ ಮೊದಲ ಕೆಲಸ ಸಿಕ್ಕಿದ್ದು ತಿಪಟೂರಿನಿಂದ ತುರುವೇಕೆರೆ ಕಡೆಗೆ ಹೋಗುವ ದಾರಿಯಲ್ಲಿದ್ದ ಹರಳುಕಟ್ಟೆ ಎಂಬ ಊರಿನ ಸಣ್ಣ ಆಸ್ಪತ್ರೆಯಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿನ ಸುತ್ತ ಕಣ್ಣು ಹಾಯಿಸಿದಷ್ಟೂ ತೆಂಗು. ತೋಟ ಮುಗಿದಲ್ಲಿ ರಾಗಿ ಹೊಲ, ಹೊಲ ಮುಗಿದಲ್ಲಿ ಮತ್ತೆ ತೋಟ. ಅನುಕೂಲಸ್ಥರ ಮನೆಗಳಲ್ಲೆಲ್ಲ ಅಟ್ಟದ ತುಂಬ ಕಾಯಿ ಹರಡಿರುತ್ತಿತ್ತು. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟು ಕೊಬ್ಬರಿಯಾಗಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅಷ್ಟು ದಿನ ಮನೆಯವರು ಆ ಕಾಯಿಗಳ ಕೆಳಗೇ ಉಂಡು, ಮಲಗಿ, ಹೆತ್ತು, ಜಗಳವಾಡಿಕೊಂಡು ಇರುತ್ತಿದ್ದರು. ಯಾವ ಮನೆಗೆ ಕಾಲಿಟ್ಟರೂ ಒಣಗಿದ ಮಟ್ಟೆಯ ಧೂಳಿನ ಜೊತೆ ಸ್ವಲ್ಪ ಸಿಹಿಯಾದ ಎಣ್ಣೆ ವಾಸನೆ ಮೂಗಿಗೆ ಬಡಿಯುತ್ತಿತ್ತು.

ನಾನು ಸೇರಿ ವರ್ಷವಾಗಿರಬೇಕು, ಬೆಂಗಳೂರಿನಿಂದ ಡಾಕ್ಟರ್ ಶ್ರೀಪಾದ ಎನ್ನುವವರು ಬಂದರು. ಮನಸ್ಸಿನ ಕಾಯಿಲೆಗಳನ್ನು ಓದಿಕೊಂಡವರು. ತೆಳ್ಳಗೆ, ಮೆಲು ಮಾತಿನವರು. ಎದುರಿಗಿದ್ದವರು ಮಾತು ಮುಗಿಸುವವರೆಗೂ ಬಾಯಿ ತೆರೆಯುತ್ತಿರಲಿಲ್ಲ. ಆಸ್ಪತ್ರೆಗಳಿಗೆ ಬರುವ ಎಷ್ಟೋ ಜನರಿಗೆ ಮೈಯಲ್ಲಿ ರೋಗವಿರುವುದಿಲ್ಲ, ರೋಗ ಇದೆಯೆಂಬ ಹೆದರಿಕೆ ಇರುತ್ತದೆ. ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಂಡು ಅವರು ಸೊರಗುತ್ತಾರೆ. ಆಸ್ಪತ್ರೆಗೆ ಬರುವವರೆಗೆ ಕಾಯದೆ ಮನೆ ಮನೆಗೆ ಹೋಗಿ ಅಂಥವರನ್ನು ಮೊದಲೇ ಗುರುತಿಸಬಹುದೇ ನೋಡಬೇಕು. ಇದು ಅವರ ಯೋಚನೆ. ಅದಕ್ಕಾಗಿ ಹದಿನಾಲ್ಕು ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಬಂದಿದ್ದರು. ಹೌದು ಎಂದರೆ ಒಂದು, ಇಲ್ಲ ಎಂದರೆ ಸೊನ್ನೆ. ಎಂಟು ದಾಟಿದವರನ್ನು ಶನಿವಾರ ಅವರ ಮುಂದೆ ಕೂರಿಸಬೇಕು. ತಿರುಗಾಡುವ ಕೆಲಸಕ್ಕೆ ನನ್ನನ್ನು ಆರಿಸಿಕೊಂಡರು.

ಪಟ್ಟಿಯ ಕನ್ನಡ ಪುಸ್ತಕದ ಕನ್ನಡವಾಗಿತ್ತು. ಏಳನೆಯ ಪ್ರಶ್ನೆ ಹೀಗಿತ್ತು: 'ತಮಗೆ ಗಂಭೀರವಾದ ವ್ಯಾಧಿ ಇರಬಹುದೆಂಬ ಭೀತಿ ಇದೆಯೇ?' ಮೊದಲ ದಿನ ಹೋದ ಮನೆಯಲ್ಲಿ ಒಬ್ಬ ಅಜ್ಜಿ ಅದನ್ನು ಕೇಳಿಸಿಕೊಂಡು, "ಗಂಬೀರ ಅಂದ್ರೆ ನಮ್ಮ ಕಿರಿ ಅಳೀಮಯ್ಯ ಕಣವ್ವ. ಮಾತೇ ಆಡಾಕಿಲ್ಲ" ಅಂದಿತು. ಶನಿವಾರ ಡಾಕ್ಟರಿಗೆ ಅದನ್ನು ಹೇಳಿದೆ. ನಕ್ಕರು. "ಹಾಗಾದರೆ ನೀವೇ ಸುಲಭದ ಮಾತು ಹಾಕಿ ಸರೋಜ. ಜನ ಆಡುವ ಮಾತು" ಅಂದರು. ನಾನು ಅಲ್ಲೇ ಪೆನ್ನು ತೆಗೆದು ಬರೆದೆ: 'ನಿಮಗೆ ದೊಡ್ಡ ರೋಗ ಇದೆಯೇನೋ ಅಂತ ಹೆದರಿಕೆಯೇ?' ಡಾಕ್ಟರು ಎರಡು ಸಲ ಓದಿ ಚೆನ್ನಾಗಿದೆ ಅಂದರು. ತಿಪಟೂರಿನಲ್ಲಿ ಹೊಸದಾಗಿ ಅಚ್ಚು ಹಾಕಿಸಿದರು. ನನ್ನ ಮಾತು ಅಚ್ಚಾಗಿ ಬಂದಿದ್ದನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಒಂದು ಹಾಳೆಯನ್ನು ಮಡಿಚಿ ಅಪ್ಪನಿಗೆ ಬರೆದ ಕಾಗದದ ಜೊತೆ ಕಳಿಸಿದ್ದೆ.

ಸಂಕ್ರಾಂತಿ ಕಳೆದು ಕಣಗಳಲ್ಲಿ ರಾಗಿ ಬಡಿಯುವ ಕಾಲ. ಬೆಳಗ್ಗೆ ಮಂಜು, ಹತ್ತು ಗಂಟೆಗೆಲ್ಲ ಸುಡುವ ಬಿಸಿಲು. ದಿನಕ್ಕೆ ಇಪ್ಪತ್ತು ಮನೆ ಮುಗಿಸಬೇಕಿತ್ತು. ಹೋದಲ್ಲೆಲ್ಲ ಜನ ಮಣೆ ಹಾಕಿ ಕೂರಿಸಿ, ಮಜ್ಜಿಗೆ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಿದ್ದರು. ಏಳನೆಯ ಪ್ರಶ್ನೆ ಬಂದಾಗ ಮಾತ್ರ ಏನೋ ಆಗುತ್ತಿತ್ತು. ಕೆಲವರು ನಗುತ್ತಿದ್ದರು. ಕೆಲವರು ಥಟ್ಟನೆ ಇಲ್ಲ ಎಂದು ಎದ್ದು ಒಳಗೆ ಹೋಗುತ್ತಿದ್ದರು. ಒಬ್ಬ ಯಜಮಾನರು, "ಏನ್ ಮಾತು ಅಂತ ಆಡ್ತೀಯ ತಾಯಿ, ಮನೆ ಒಳಗೆ ಕೂತ್ಕೊಂಡು" ಎಂದು ಮುಖ ಗಂಟಿಕ್ಕಿದರು. ಕಾಯಿಲೆಯ ಹೆಸರೆತ್ತುವುದೇ ಅಪಶಕುನ ಅನ್ನುವ ಜನ ಎಂದುಕೊಂಡು ನಾನು ಸೊನ್ನೆ ಬರೆದು ಮುಂದಕ್ಕೆ ಹೋದೆ.

ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬಂದವರು ಸಿದ್ದರಾಮಣ್ಣ. ಐವತ್ತೈದರ ಆಸುಪಾಸಿನ ತೋಟವಂತರು, ಕೊಬ್ಬರಿ ವ್ಯಾಪಾರವೂ ಇತ್ತು. ಕಲ್ಲುಗುಂಡಿನಂಥ ಆಳು. ಆದರೆ ಎಡಗೈಯ ನಾಡಿಯ ಮೇಲೆ ಬಲಗೈಯ ಬೆರಳುಗಳು ಯಾವಾಗಲೂ ಇರುತ್ತಿದ್ದವು. ಅವರ ತಮ್ಮನೊಬ್ಬ ಗಾಡಿಗೆ ಕಾಯಿ ತುಂಬುತ್ತಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟನಂತೆ. ಅಂದಿನಿಂದ ಇವರಿಗೆ ತಿಪಟೂರು, ಅರಸೀಕೆರೆ, ತುಮಕೂರು ಎಲ್ಲ ಊರಿನ ಡಾಕ್ಟರುಗಳೂ ಗೊತ್ತು. ನನ್ನ ಪಟ್ಟಿ ಅವರಿಗೆ ಹಬ್ಬದಂತಾಯಿತು. ಇಷ್ಟು ದಿನಕ್ಕೆ ಯಾರೋ ಒಬ್ಬರು ಸರಿಯಾದ ಪ್ರಶ್ನೆ ಕೇಳುತ್ತಿದ್ದಾರೆ ಅನ್ನುವ ಹಾಗೆ ಒಂದೊಂದಕ್ಕೂ ವಿವರವಾಗಿ ಹೇಳಿದರು. ಏಳನೆಯದಕ್ಕೆ ಬಂದಾಗ ಮಾತ್ರ ಕೈ ಅಡ್ಡ ಆಡಿಸಿದರು.

"ಅದೊಂದು ಬುಟ್ಟು ಮಿಕ್ಕಿದ್ದೆಲ್ಲ ಐತೆ ಅಂತ ಬರ್ಕೊಳಮ್ಮ" ಅಂದರು.

ಹದಿನಾಲ್ಕಕ್ಕೆ ಹದಿಮೂರು. ಶನಿವಾರ ಡಾಕ್ಟರ ಮುಂದೆ ಅಂಗಿ ಬಿಚ್ಚಿ ಕೂತು, "ಕೊಬ್ಬರಿ ಆಗೈತಾ ಇಲ್ವಾ ಅಂತ ಕಾಯಿ ಅಲ್ಲಾಡ್ಸಿ ನೋಡ್ತೀವಲ್ಲ, ಹಂಗೆ ನನ್ನೂ ಒಂದ್ಸಲ ಅಲ್ಲಾಡ್ಸಿ ನೋಡ್ಬುಡಿ ಡಾಕ್ಟ್ರೆ. ಒಳಗೆ ಏನೋ ಬುಟ್ಟೋಗದೆ" ಅಂದರು. ಹೊರಗೆ ಕಾಯುತ್ತಿದ್ದವರೆಲ್ಲ ನಕ್ಕರು. ಊರಿನವರಿಗೆ ಅವರೊಂದು ತಮಾಷೆ. ಡಾಕ್ಟರು ನಗಲಿಲ್ಲ. ಪ್ರತಿ ಶನಿವಾರ ಅರ್ಧ ಗಂಟೆ ಅವರಿಗಾಗಿ ಎತ್ತಿಟ್ಟರು.

ಶಿವಗಂಗೆಯ ಮನೆಗೆ ಹೋದದ್ದು ಅದೇ ವಾರ. ಸಿದ್ದರಾಮಣ್ಣನವರ ದಾಯಾದಿಯ ಮಗ ಮಲ್ಲೇಶಯ್ಯನ ಹೆಂಡತಿ. ನನಗಿಂತ ಒಂದೆರಡು ವರ್ಷ ದೊಡ್ಡವಳಿರಬಹುದು. ಚಿಕ್ಕನಾಯಕನಹಳ್ಳಿ ಕಡೆಯ ಹುಡುಗಿ, ಏಳನೇ ಕ್ಲಾಸು ಓದಿದ್ದಳು. ತೊಡೆಯ ಮೇಲೆ ನಾಲ್ಕು ತಿಂಗಳ ಹೆಣ್ಣುಮಗು, ದುಂಡಗೆ, ಕೊರಳಲ್ಲಿ ಕರಿಮಣಿ. ಪಕ್ಕದಲ್ಲೇ ಅತ್ತೆ ಗೌರಮ್ಮ ಮೊರದಲ್ಲಿ ಅವರೆಕಾಳು ಹಿಚುಕುತ್ತ ಕೂತಿದ್ದರು. ಸೊಸೆಯ ಬದಲು ಅರ್ಧ ಉತ್ತರ ಅತ್ತೆಯೇ ಕೊಟ್ಟರು. ತಲೆನೋವು? ಇಲ್ಲ. ಎದೆ ಡವಡವ? ಇಲ್ಲ. ಮೈ ನೋಡಿಕೊಳ್ಳುವುದು? "ಮಗ ನೋಡ್ಕಳಕ್ಕೇ ಟೈಮಿಲ್ಲ, ಮೈ ಏನ್ ನೋಡ್ಕಂಡಾಳು." ಏಳನೆಯದನ್ನು ಓದಿದೆ. ಗೌರಮ್ಮನ ಕೈ ನಿಂತಿತು.

"ನಮ್ಮನೇಲಾ? ನಮ್ಮ ವಂಶ್ದಾಗೇ ಇಲ್ಲ" ಅಂದರು.

ಶಿವಗಂಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ಉತ್ತರ ಕೊಡಲು ತಡ ಮಾಡಿದಳೆಂದು ಈಗ ಅನ್ನಿಸುತ್ತದೆ. ಕಡೆಗೆ, "ಇಲ್ಲ" ಅಂದಳು. ಹದಿನಾಲ್ಕಕ್ಕೂ ಸೊನ್ನೆ. ಅವಳ ಹಾಳೆ ಮುಗಿಸಲು ಐದು ನಿಮಿಷ ಹಿಡಿದಿರಲಿಲ್ಲ. ಇಂಥ ಮನೆಗಳೇ ಸಿಗಲಿ ಎಂದುಕೊಂಡು ಬಿಸಿಲಿಗೆ ಸೆರಗು ಹೊದ್ದು ಎದ್ದುಬಂದೆ.

ಯುಗಾದಿ ಕಳೆಯಿತು. ಬೇವು ಹೂ ಉದುರಿ, ಹೊಂಗೆ ಚಿಗುರಿ, ಬಾವಿಗಳ ನೀರು ಕೆಳಗಿಳಿಯಿತು. ಮಕ್ಕಳಿಗೆ ಸೂಜಿ ಹಾಕುವ ದಿನ ಶಾಲೆಯ ಜಗಲಿಯ ಮೇಲೆ ಕೂತಿದ್ದೆ. ಗೌರಮ್ಮ ಮೊಮ್ಮಗಳನ್ನು ಎತ್ತಿಕೊಂಡು ಬಂದರು. ನಾನು ಮಗುವನ್ನು ಗುರುತಿಸಲಿಲ್ಲ. ಕರಿಮಣಿಯ ಸರ ಸಡಿಲವಾಗಿ ಹೊಟ್ಟೆಯವರೆಗೆ ಜೋಲುತ್ತಿತ್ತು. ತೊಡೆಯ ಚರ್ಮ ನೆರಿಗೆಗಟ್ಟಿತ್ತು. ಸೂಜಿ ಹಾಕಿದರೆ ಅಳಲೂ ಅದಕ್ಕೆ ಶಕ್ತಿಯಿರಲಿಲ್ಲ.

"ತಾಯಿ ಹಾಲು?" ಅಂದೆ.

"ಬತ್ತೋಯ್ತಂತೆ. ನೀವು ಬಂದೋದ ಮಾರ್ನೇ ದಿನದಿಂದ್ಲೇ. ಬಾಟ್ಲೀಲಿ ಹಸಿನ ಹಾಲು ಕೊಡ್ತಿದೀನಿ, ಉಂಡದ್ದೆಲ್ಲ ಬೇದಿ ಆಗೋಯ್ತದೆ. ಅವ್ಳು ಮಗೀನ ಮುಟ್ಟಾಕೇ ಬರಾಕಿಲ್ಲ ನರ್ಸಮ್ಮ. ಹೆತ್ತೋಳು ಅನ್ನಂಗೇ ಇಲ್ಲ."

ಮಧ್ಯಾಹ್ನವೇ ಅವರ ಮನೆಗೆ ಹೋದೆ. ಶಿವಗಂಗೆ ಹಿತ್ತಿಲ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ಬೇರೆ ತಟ್ಟೆ, ಬೇರೆ ಚೆಂಬು, ಮೂಲೆಯಲ್ಲಿ ಸುತ್ತಿಟ್ಟ ಚಾಪೆ. ಯಾರೂ ಅವಳನ್ನು ಹೊರಗೆ ಹಾಕಿರಲಿಲ್ಲ. ತಾನೇ ಎದ್ದುಬಂದಿದ್ದಳು. ಪಕ್ಕದಲ್ಲಿ ಕೂತು ನಾನೂ ಒಂದು ಗರಿ ಕೈಗೆತ್ತಿಕೊಂಡೆ. ನನಗೆ ಸೀಳಲು ಬರಲಿಲ್ಲ. ಅವಳು ತೋರಿಸಿಕೊಟ್ಟಳು. ಹಾಗೆ ತೋರಿಸಿಕೊಡುವಾಗ ಸೀರೆಯ ಅಂಚು ಸರಿದು ಅವಳ ಕಣಕಾಲು ಕಂಡಿತು. ಮೊಣಕಾಲಿನವರೆಗೂ ಸಾಸಿವೆ ಚೆಲ್ಲಿದ ಹಾಗೆ ಚುಕ್ಕಿಗಳು. ಕೆಲವು ಒಣಗಿದ್ದವು, ಕೆಲವು ಇನ್ನೂ ಕೆಂಪಗಿದ್ದವು, ಒಂದೆರಡು ಕೀವುಗಟ್ಟಿದ್ದವು. ಎಡಗೈಯಲ್ಲೂ ಹಾಗೆಯೇ. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ಆಗ ನೋಡಿದೆ.

"ಇದರಲ್ಲೇನಾ?" ಅಂದೆ.

ಅವಳು ಇನ್ನೊಂದು ಗರಿ ಎತ್ತಿಕೊಂಡು ಸೀಳಿದಳು. "ನೋವಾಯ್ತದೆ. ಎಲ್ಲಾ ಕಡೇಲೂ ನೋವಾಯ್ತದೆ. ಆದ್ರೆ ಚುಚ್ಚಿ ಮುಗ್ಸಿದ ಮ್ಯಾಲೆ, ಈಗ ಆಗಿದ್ದು ನೋವೇನಾ ಅಂತ ಅನುಮಾನ ಬತ್ತದೆ. ಮತ್ತೆ ಚುಚ್ತೀನಿ."

ಅವಳು ಹೇಳಿದ್ದು ಇಷ್ಟು. ಹೆರಿಗೆಯಾದ ಮೇಲೆ ಮೊಣಕೈಯ ಕೆಳಗೆ ತೆಳುವಾದ ಬಿಳಿ ಮಚ್ಚೆಯೊಂದು ಕಾಣಿಸಿಕೊಂಡಿತ್ತು. ಅದೇ ಕಾರ್ತಿಕದಲ್ಲಿ ಕುಷ್ಠರೋಗದ ಬಗ್ಗೆ ತಿಳಿವಳಿಕೆ ಹೇಳುವವರು ಶಾಲೆಯ ಹತ್ತಿರ ಚಿತ್ರಗಳ ಹಾಳೆ ತೂಗುಹಾಕಿದ್ದರು. ಬಿಳಿ ಮಚ್ಚೆ ಇದ್ದರೆ ಪಿನ್ನಿನಿಂದ ಚುಚ್ಚಿ ನೋಡಿ, ನೋವು ತಿಳಿಯದಿದ್ದರೆ ಬನ್ನಿ ಅಂದಿದ್ದರು. ಅಂದಿನಿಂದ ಅನುಮಾನ. ಯಾರಿಗೂ ಹೇಳಿರಲಿಲ್ಲ. ದಿನಕ್ಕೊಮ್ಮೆ ಚುಚ್ಚಿ ನೋಡಿಕೊಂಡು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

"ಆಮ್ಯಾಕೆ ನೀವು ಬಂದ್ರಿ. ಸರ್ಕಾರದ ಕಾಗ್ದ ಹಿಡ್ಕಂಡು ನಮ್ಮನೇಗೇ ಬಂದು, ದೊಡ್ಡ ರೋಗ ಐತಾ ಅಂತ ನನ್ನೇ ಕೇಳಿದ್ರಿ. ಯಾರೋ ನೋಡಿ ಹೇಳವ್ರೆ, ಗೊತ್ತಾಗೇ ಕೇಳ್ತವ್ರೆ ಅಂದ್ಕಂಡೆ."

ನನಗೆ ಆಗಲೂ ಪೂರ್ತಿ ಹೊಳೆಯಲಿಲ್ಲ. "ದೊಡ್ಡ ರೋಗ ಅಂದ್ರೆ..." ಎಂದು ರಾಗ ಎಳೆದೆ.

"ಕುಷ್ಠ ಕಣ್ರೀ. ಅದ್ರ ಹೆಸ್ರು ಬಾಯಲ್ಲಿ ಎತ್ತಬಾರ್ದು ಅಂತ ದೊಡ್ಡ ರೋಗ ಅಂತೀವಿ. ನಿಮಗೆ ಗೊತ್ತಿಲ್ವಾ?"

ಕೈಯಲ್ಲಿದ್ದ ಗರಿ ಹಾಗೇ ಉಳಿಯಿತು. ಮುನ್ನೂರು ಮನೆಗಳ ಒಳಗೆ ಮಣೆಯ ಮೇಲೆ ಕೂತು, ಮಜ್ಜಿಗೆ ಕುಡಿದು, ನಿಮಗೆ ಕುಷ್ಠ ಇದೆಯೇ ಎಂದು ಕೇಳಿ ಬಂದಿದ್ದೆ. ಅವರಲ್ಲಿ ಇವಳೊಬ್ಬಳು ಮರುದಿನದಿಂದ ಮಗುವಿಗೆ ಹಾಲು ಬಿಡಿಸಿದ್ದಳು. ಹಾಲು ಬತ್ತಿರಲಿಲ್ಲ. ಎದೆ ಬಿಗಿದು ಜ್ವರ ಬಂದಾಗ ಹಿತ್ತಿಲಿಗೆ ಹೋಗಿ ಹಿಂಡಿ ಚೆಲ್ಲಿದ್ದಳಂತೆ. ವಾರಗಟ್ಟಲೆ.

ಅವಳಿಗೆ ಅಲ್ಲೇ ಹೇಳಬೇಕಿತ್ತು, ತಪ್ಪು ನನ್ನದು, ಆ ಮಾತಿನ ಅರ್ಥ ನನಗೆ ಗೊತ್ತಿರಲಿಲ್ಲ ಎಂದು. ಹೇಳಲಿಲ್ಲ. ಡಾಕ್ಟರನ್ನು ಕರೆತರುತ್ತೇನೆ ಎಂದಷ್ಟೇ ಹೇಳಿ ಎದ್ದುಬಂದೆ. ಮಗುವಿಗೆ ಬಾಟಲಿ ನಿಲ್ಲಿಸಿ, ಲೋಟ ಚಮಚ ಕುದಿಸಿ ಕೊಡುವುದನ್ನು, ರಾಗಿ ಸರಿ ಕಾಯಿಸುವುದನ್ನು ಗೌರಮ್ಮನಿಗೆ ತೋರಿಸಿಕೊಟ್ಟೆ. ಅದನ್ನಾದರೂ ಸರಿಯಾಗಿ ಮಾಡಿದೆ.

ಶನಿವಾರ ಡಾಕ್ಟರು ಅವಳ ಮನೆಗೇ ಬಂದರು. ಮೈಯೆಲ್ಲ ನೋಡಿ, ಹತ್ತಿಯ ಎಳೆ ತಾಗಿಸಿ ಪರೀಕ್ಷೆ ಮಾಡಿ, "ಇದು ಬರೀ ಚಿಬ್ಬು ಕಣಮ್ಮ. ಮುಲಾಮು ಹಚ್ಚಿದರೆ ಹೋಗುತ್ತೆ. ಕುಷ್ಠ ಅಲ್ಲವೇ ಅಲ್ಲ" ಅಂದರು. ಶಿವಗಂಗೆ ಅತ್ತುಬಿಟ್ಟಳು. ಡಾಕ್ಟರ ಕಾಲಿಗೆ ಬಗ್ಗಿದಳು. ಅಂದು ಸಂಜೆ ಕೊಟ್ಟಿಗೆಯಿಂದ ಮನೆಯೊಳಕ್ಕೆ ಬಂದಳು. ನಾನು ಗೆದ್ದೆ ಎಂದುಕೊಂಡೆ.

ಐದನೆಯ ದಿನಕ್ಕೆ ಮತ್ತೆ ಕೊಟ್ಟಿಗೆಗೆ ಹೋಗಿದ್ದಳು. ಮಂದ ಬೆಳಕಿನಲ್ಲಿ ಡಾಕ್ಟರಿಗೆ ಮಚ್ಚೆ ಸರಿಯಾಗಿ ಕಂಡಿರಲಿಕ್ಕಿಲ್ಲ ಎಂಬ ಅನುಮಾನ ಅವಳಿಗೆ. ಬಾಣಂತಿ ಎಂದು ಮರುಕಪಟ್ಟು ಸುಳ್ಳು ಹೇಳಿರಬಹುದು. ಏನೂ ಇಲ್ಲದಿದ್ದರೆ ಅಷ್ಟು ದೊಡ್ಡ ಡಾಕ್ಟರು ಮನೆಗೇಕೆ ಬರುತ್ತಿದ್ದರು. ಪಿನ್ನು ಕಿತ್ತುಕೊಂಡರೆ ಗರಿಯ ಕಡ್ಡಿಯನ್ನೇ ಚೂಪು ಮಾಡಿಕೊಂಡಳು. ಡಾಕ್ಟರು ಗಂಡನನ್ನು ಕರೆದು, ಇದು ಮನಸ್ಸಿನಲ್ಲಿರುವ ಹೆದರಿಕೆ, ತಾಳ್ಮೆಯಿಂದ ನೋಡಿಕೊಳ್ಳಬೇಕು ಎಂದು ಹೇಳಿದ್ದರು. ಮಲ್ಲೇಶಯ್ಯ ಒಳ್ಳೆಯವನೇ, ಆದರೆ ಅವನು ಮನೆಗೆ ತಂದ ಮಾತು ಬೇರೆಯದೇ ಆಗಿತ್ತು. ಮನಸ್ಸಿನ ಕಾಯಿಲೆ ಎಂದರೆ ಆ ಮನೆಯಲ್ಲಿ ಒಂದೇ ಅರ್ಥ. ಹುಚ್ಚಿಯ ಕೈಗೆ ಮಗು ಕೊಡಬಾರದೆಂದು ನೆಂಟರು ಹೇಳತೊಡಗಿದರು. ಅವಳನ್ನು ತವರಿಗೆ ಕಳಿಸುವ ಮಾತು ಶುರುವಾಯಿತು. ಮಗು ಮಾತ್ರ ಇಲ್ಲೇ ಇರಬೇಕು.

ನನ್ನ ಮಾತಿನ ವಿಷಯ ಡಾಕ್ಟರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ ಅವರ ಕಣ್ಣಲ್ಲಿ ಸಣ್ಣವಳಾಗುವ ನಾಚಿಕೆ. ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ಏನು ಹೇಳಿದರೂ ಅವಳು ನಂಬದೆ ಇರುವುದಕ್ಕೆ ಕಾರಣ ನನಗೊಬ್ಬಳಿಗೇ ಗೊತ್ತಿತ್ತು. ಸರ್ಕಾರ ಅವಳೊಬ್ಬಳನ್ನೇ ಹುಡುಕಿಕೊಂಡು ಬಂದು ಕೇಳಿತು ಎಂಬುದು ಅವಳ ಸಾಕ್ಷಿ. ಆ ಸಾಕ್ಷಿ ಸುಳ್ಳು ಎಂದು ಹೇಳಬೇಕಾದವಳು ನಾನು.

ತವರಿನಿಂದ ಅವಳ ಅಣ್ಣ ಕರೆದೊಯ್ಯಲು ಬರುವ ಹಿಂದಿನ ದಿನ ಸಿದ್ದರಾಮಣ್ಣನವರ ಮನೆಗೆ ಹೋದೆ. ಅಟ್ಟದಿಂದ ಕಾಯಿ ಇಳಿಸಿ ಸುಲಿಸುತ್ತಿದ್ದರು. ಅವರಿಗೆ ಎಲ್ಲವನ್ನೂ ಹೇಳಿದೆ. ಏಳನೆಯ ಪ್ರಶ್ನೆ ನಾನೇ ಬರೆದದ್ದು ಎಂದಾಗ ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು, "ನಡಿ, ಈಗ್ಲೇ ಹೋಗಾನ" ಅಂದರು.

ಶಿವಗಂಗೆ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದಳು. ಬಟ್ಟೆಯ ಗಂಟು ಪಕ್ಕದಲ್ಲಿತ್ತು. ಗಂಡನ ದೊಡ್ಡಪ್ಪ ಬಂದರೆಂದು ಸೆರಗು ಹೊದ್ದು ಎದ್ದಳು. ಗೌರಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡು ದೂರ ನಿಂತರು.

"ಕೂತ್ಕೋ ಮಗಾ. ಈವಮ್ಮ ಏನೋ ಹೇಳ್ಬೇಕಂತೆ" ಅಂದರು ಸಿದ್ದರಾಮಣ್ಣ.

ನಾನು ಹೇಳಿದೆ. ನಾನು ಬೆಂಗಳೂರಿನವಳು, ದೊಡ್ಡ ರೋಗ ಅಂದರೆ ದೊಡ್ಡ ಕಾಯಿಲೆ ಅಂದುಕೊಂಡಿದ್ದೆ, ಹೃದಯದ್ದೋ ಹೊಟ್ಟೆಯದೋ. ಆ ಮಾತು ಬರೆದದ್ದು ನಾನು, ಡಾಕ್ಟರಲ್ಲ, ಸರ್ಕಾರವಲ್ಲ. ನಿನ್ನ ಬಗ್ಗೆ ಯಾರೂ ನನಗೆ ಏನೂ ಹೇಳಿರಲಿಲ್ಲ. ಅವಳು ನನ್ನನ್ನು ನೋಡಲಿಲ್ಲ, ಸಿದ್ದರಾಮಣ್ಣನ ಕಡೆ ನೋಡಿದಳು.

"ನನ್ನೂ ಕೇಳಿದ್ಲು ಕಣವ್ವ. ಅದೊಂದು ಬುಟ್ಟು ಮಿಕ್ಕಿದ್ದು ಬರ್ಕೋ ಅಂದೆ. ಪೂಜಾರಿ ಮನೇಲೂ ಕೇಳವ್ಳೆ, ಮೇಷ್ಟ್ರನ್ನೂ ಕೇಳವ್ಳೆ. ಹಂಗಾದ್ರೆ ಇಡೀ ಊರಿಗೇ ಬಂದಿರ್ಬೇಕಲ್ಲ."

"ಎಲ್ಲಾರ್ನೂವ?" ಅಂದಳು.

ಚೀಲದಿಂದ ಅವರ ಬೀದಿಯ ಹಾಳೆಗಳ ಕಟ್ಟು ತೆಗೆದೆ. ಒಬ್ಬರ ಹಾಳೆಯನ್ನು ಇನ್ನೊಬ್ಬರಿಗೆ ತೋರಿಸಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹೆಸರು ಬರೆದಿದ್ದ ಮೇಲ್ತುದಿಯನ್ನು ಒಳಕ್ಕೆ ಮಡಿಚಿ, ಕಟ್ಟನ್ನು ಅವಳ ಮುಂದಿಟ್ಟೆ. ಅವಳು ಮೊದಲನೆಯದನ್ನು ತೆಗೆದು ಏಳನೆಯ ಸಾಲಿನ ಮೇಲೆ ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದಳು. ಎರಡನೆಯದನ್ನೂ ಹಾಗೇ ಓದಿದಳು. ಮೂರನೆಯದನ್ನೂ. ಒಂದನ್ನೂ ಬಿಡದೆ, ಅರವತ್ತೋ ಎಪ್ಪತ್ತೋ ಹಾಳೆ. ಬಿಸಿಲು ಕೊಟ್ಟಿಗೆಯ ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಹಾಳೆ ಮುಗಿದ ಮೇಲೆ ಕಟ್ಟನ್ನು ಅಂಚು ಸರಿಮಾಡಿ ನನ್ನ ಕಡೆ ತಳ್ಳಿದಳು.

"ನಾನು ಹಾಲು ಚೆಲ್ಲಿದ್ನಲ್ಲ" ಅಂದಳು.

ನಾನು ಕಟ್ಟನ್ನು ಚೀಲಕ್ಕೆ ಹಾಕಿಕೊಂಡೆ.

ಸಿದ್ದರಾಮಣ್ಣ ತಮ್ಮ ಎಡಗೈ ಮುಂದೆ ಚಾಚಿದರು. "ನೋಡಿಲ್ಲಿ. ನಾಡಿ ಹಿಡ್ದು ಹಿಡ್ದು ಇಲ್ಲಿ ಚರ್ಮ ಕಪ್ಪಾಗದೆ. ದಿನಕ್ಕೆ ಐವತ್ತು ಸಲ ಹಿಡ್ಕಂತೀನಿ. ಜನ ನಗ್ತಾರೆ. ನಗ್ಲಿ. ನೀನು ಎಷ್ಟು ಸಲ ಚುಚ್ಕಂತೀಯ?"

"ಎಣ್ಸಿಲ್ಲ ಮಾವ."

"ಚುಚ್ಕಂಡಾಗ ಸಮಾಧಾನ ಆಯ್ತದೆ, ಅಲ್ವಾ? ಒಂದು ಗಳಿಗೆ. ಆಮ್ಯಾಕೆ ಮೊದ್ಲಿಗಿಂತ ಜಾಸ್ತಿ ಆಯ್ತದೆ."

ಅವಳು ತಲೆ ಎತ್ತಿದಳು. ಆ ಮಾತನ್ನು ಅವಳಿಗೆ ಡಾಕ್ಟರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಮಗೆ ಗೊತ್ತಿದ್ದರೂ ಹಾಗೆ ಹೇಳಲು ಬರುತ್ತಿರಲಿಲ್ಲ.

"ನಾಳೆ ಸಂಜೆಗಂಟ ನಾನು ನಾಡಿ ಹಿಡ್ಕಳಲ್ಲ. ನೀನು ಚುಚ್ಕಬ್ಯಾಡ. ಸಂಜೆಗೆ ಬತ್ತೀನಿ. ಇಬ್ರೂ ನಿಜ ಹೇಳಾನ, ಎಷ್ಟು ಸಲ ತಪ್ಪಿದ್ವಿ ಅಂತ." ಆಮೇಲೆ ಗೌರಮ್ಮನ ಕಡೆ ತಿರುಗಿದರು. "ನಾಳೆ ಇವ್ಳ ಅಣ್ಣ ಬಂದ್ರೆ ಉಂಡ್ಕಂಡು ಹೋಗ್ಲಿ. ಇವ್ಳು ಎಲ್ಲಿಗೂ ಹೋಗಾಕಿಲ್ಲ. ಇವ್ಳು ಹುಚ್ಚಿ ಆದ್ರೆ ನಾನೂ ಹುಚ್ಚನೇ. ನನ್ನನ್ನ ಯಾರ ಮನೇಗೆ ಕಳುಸ್ತೀರಿ?"

ಮರುದಿನ ಸಂಜೆ ಅವರು ಹದಿನೆಂಟು ಸಲ ತಪ್ಪಿದ್ದರು. ಅವಳು ಒಂಬತ್ತು ಸಲ. ಅವರು ಅದನ್ನು ಕೇಳಿ, "ಹೆಣ್ಮಗು ಗೆದ್ಲು ಬುಡು" ಅಂದರಂತೆ. ಹಾಗೆ ದಿನಾ ಸಂಜೆ ಬಂದರು. ಕೆಲವು ದಿನ ಅವಳು ಮೊದಲಿನಷ್ಟೇ ಚುಚ್ಚಿಕೊಂಡದ್ದೂ ಉಂಟು. ಆದರೆ ಮುಚ್ಚಿಡಲಿಲ್ಲ.

ಆ ಶನಿವಾರ ಡಾಕ್ಟರಿಗೆ ಎಲ್ಲವನ್ನೂ ಒಪ್ಪಿಸಿದೆ. ಹಾಳೆ ತೋರಿಸಿದ್ದನ್ನೂ ಸೇರಿಸಿ. ಅವರು ಎಂದಿನಂತೆ ನಾನು ಮುಗಿಸುವವರೆಗೆ ಕೇಳಿಸಿಕೊಂಡರು. ಬೈಯಲಿಲ್ಲ. "ನಾನೂ ಓದಿ ಚೆನ್ನಾಗಿದೆ ಅಂದೆನಲ್ಲ" ಅಂದರು. "ನಾಲ್ಕು ಜನ ಇಲ್ಲಿಯವರಿಗೆ ಓದಿ ಹೇಳಿ ಕೇಳಬೇಕಿತ್ತು. ಕೇಳಲಿಲ್ಲ." ನಾನು ಶಿವಗಂಗೆಯ ಹಾಳೆ ತೆಗೆದು, ಸೊನ್ನೆಗಳನ್ನು ತಿದ್ದಲೇ ಎಂದು ಕೇಳಿದೆ. ಅವರು ಹಾಳೆಯ ಮೇಲೆ ಕೈಯಿಟ್ಟರು.

"ತಿದ್ದಬೇಡಿ. ಇಡೀ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹೆದರಿದ್ದವಳಿಗೆ ನಮ್ಮ ಪಟ್ಟಿ ಸೊನ್ನೆ ಕೊಟ್ಟಿದೆ. ನನ್ನ ವರದಿಯಲ್ಲಿ ನಿಜ ಅಂತ ಏನಾದರೂ ಇದ್ದರೆ ಅದೊಂದೇ."

ಅವರು ಮನೆ ಮನೆ ತಿರುಗುವ ಕೆಲಸ ನಿಲ್ಲಿಸಿದರು. ಆಷಾಢದ ಹೊತ್ತಿಗೆ ಬೆಂಗಳೂರಿಗೆ ಹೊರಟುಹೋದರು. ಆ ಪಟ್ಟಿ ಮುಂದೆ ಏನಾಯಿತೋ ತಿಳಿಯದು. ಶಿವಗಂಗೆಯ ಹೆದರಿಕೆ ಪೂರ್ತಿ ಹೋಯಿತು ಎಂದು ಬರೆಯಲು ನನಗೆ ಆಸೆ, ಆದರೆ ಅದು ನಿಜವಲ್ಲ. ನಾಲ್ಕೈದು ವರ್ಷ ಅವಳು ನನಗೆ ಕಾಗದ ಬರೆಯುತ್ತಿದ್ದಳು. ಮೈಮೇಲೆ ಏನಾದರೂ ಕಂಡರೆ ಹಳೆಯದೆಲ್ಲ ಮರಳಿ ಬರುತ್ತಿತ್ತಂತೆ, ಕೆಲವು ದಿನವಿದ್ದು ಹೋಗುತ್ತಿತ್ತಂತೆ. ಎರಡನೆಯ ಮಗುವಿಗೆ ಒಂದೂವರೆ ವರ್ಷ ಹಾಲು ಕೊಟ್ಟೆ ಎಂದು ಒಂದು ಕಾಗದದಲ್ಲಿ ಬರೆದಿದ್ದಳು. ಸಿದ್ದರಾಮಣ್ಣ ಕೊನೆಯವರೆಗೂ ಹೆದರಿಕೊಂಡೇ ಬಾಳಿ, ಎಂಬತ್ತು ದಾಟಿದ ಮೇಲೆ ಹೋದರೆಂದು ಎಷ್ಟೋ ವರ್ಷದ ನಂತರ ಕೇಳಿದೆ.

ಶ್ರಾವಣದಲ್ಲಿ ನನಗೆ ಬೇರೆ ಊರಿಗೆ ವರ್ಗವಾಯಿತು. ಹೊರಡುವ ದಿನ ಬೆಳಗ್ಗೆ ಅವಳ ಮನೆಗೆ ಹೋದೆ. ಸೋನೆ ಹಿಡಿದಿತ್ತು. ಶಿವಗಂಗೆ ನಡುಮನೆಯಲ್ಲಿ ಕೂತು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸರಿ ಕುಡಿಸಲು ನೋಡುತ್ತಿದ್ದಳು. ಮಗು ಚೇತರಿಸಿಕೊಂಡಿತ್ತು. ಕೆನ್ನೆ ತುಂಬಿಕೊಳ್ಳುತ್ತಿತ್ತು. ಆದರೆ ಅದಕ್ಕೆ ಬುದ್ಧಿ ತಿಳಿಯುವ ತಿಂಗಳುಗಳಲ್ಲೆಲ್ಲ ಎತ್ತಿಕೊಂಡು ತಿರುಗಿದ್ದು ಅಜ್ಜಿ. ತಾಯಿಯ ಮುಖ ಕಂಡರೆ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ಗೌರಮ್ಮನ ಕಡೆಗೆ ಎರಡೂ ಕೈ ಚಾಚಿ, ಬೆನ್ನು ಬಿಲ್ಲಿನಂತೆ ಬಗ್ಗಿಸಿ ಜಾರಿಕೊಳ್ಳಲು ಒದ್ದಾಡುತ್ತಿತ್ತು. ಗೌರಮ್ಮ ತಡೆಯಲಾರದೆ ಎರಡು ಹೆಜ್ಜೆ ಮುಂದೆ ಬಂದರು. ನನಗೂ ನೋಡಲಾಗಲಿಲ್ಲ.

"ಅತ್ತೆ ಕೈಲಿ ಕೊಡು ಶಿವಗಂಗೆ, ಪಾಪ ಅಳ್ತಿದೆ" ಅಂದೆ.

ಅವಳು ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಅವಳ ತೋಳಿನ ಮೇಲೆ ಹಳೆಯ ಚುಕ್ಕಿಗಳು ಕಂದಿದ್ದವು. ಎರಡು ಮೂರು ಹೊಸವೂ ಇದ್ದವು.

"ಅಳ್ಲಿ ಬುಡಿ ನರ್ಸಮ್ಮ" ಅಂದಳು. "ನನ್ ಕೈಲೇ ಅಳ್ಲಿ."